ವಿಮಾನಕ್ಕೆ ಹೋಗುವ ರೈಲು

ಹೌಜ್ ಖಾಸ್ ಎಂದರೆ ಅರಸರ ಕೆರೆ ಎಂದು ಅರ್ಥ. ದಿನಕ್ಕೆ ಹತ್ತು ಸಲ ಈ ಹೆಸರನ್ನಾಡುವ ನಾವು ಅದರೊಳಗೆ ಕೆರೆಯೊಂದಿರುವುದನ್ನು ಮರೆತೇ ಬಿಟ್ಟಿದ್ದೇವೆ. ಅಲ್ಲಾಉದ್ದೀನ್ ಖಿಲ್ಜಿಯು ತನ್ನ ಸಿರಿ ನಗರದ ಜನರಿಗೆ ನೀರಾಗಲೆಂದು ಈ ಕೆರೆಯನ್ನು ತೋಡಿಸಿದನು. ಅರ್ಧ ಶತಮಾನ ಕಳೆಯುವಷ್ಟರಲ್ಲಿ ಅದು ಹೂಳಿನಿಂದ ತುಂಬಿಹೋಯಿತು. ಆಗ ಫಿರೋಜ್ ಷಾ ತುಘಲಕನು ಹೂಳೆತ್ತಿಸಿ, ಕಾಲುವೆಗಳನ್ನು ಸರಿಪಡಿಸಿ, 1352ರ ಸುಮಾರಿಗೆ ದಡದ ಮೇಲೆ ಒಂದು ವಿದ್ಯಾಲಯವನ್ನು ಕಟ್ಟಿಸಿದನು. ತೋಡಿಸಿದವನೊಬ್ಬ, ಉಳಿಸಿದವನು ಇನ್ನೊಬ್ಬ. ಇಂದು ನಾವು ದಡದಲ್ಲಿ ನಿಂತು ನೋಡುವ ಗೋಡೆ ಕಮಾನುಗಳೆಲ್ಲ ಎರಡನೆಯವನ ಕಾಲದವು. ಅವನ ಗೋರಿಯೂ ಅಲ್ಲಿಯೇ ಉಂಟು.

ನಾನು ಹುಟ್ಟಿದುದು ತುಮಕೂರು ಸೀಮೆಯ ಒಂದು ಕೆರೆಯ ಕೆಳಗಣ ಹಳ್ಳಿಯಲ್ಲಿ. ನಮ್ಮ ತಂದೆಯವರು ಆ ಕೆರೆಯ ನೀರುಗಂಟಿಗಳು. ನಗರದಲ್ಲಿ ಬೆಳೆದ ನಿಮಗೆ ಈ ಮಾತು ಹೊಸದಾಗಿರಬಹುದು. ತೂಬನ್ನು ಎತ್ತಿ ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ಹಂಚುವುದು, ಮಳೆಗಾಲದ ರಾತ್ರಿ ಕಂದೀಲು ಹಿಡಿದು ಏರಿಯ ಮೇಲೆ ನಡೆದು ಎಲ್ಲಿಯಾದರೂ ಬಿರುಕು ಬಿಟ್ಟಿದೆಯೇ ಎಂದು ನೋಡುವುದು, ಇವು ನೀರುಗಂಟಿಯ ಕೆಲಸಗಳು. ಕೆರೆ ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ಇರುತ್ತದೆ; ನೀರುಗಂಟಿಯ ಹೆಸರು ಎಲ್ಲಿಯೂ ಇರುವುದಿಲ್ಲ. ಆದರೂ ಏರಿ ಒಡೆಯದೆ ಉಳಿದಿದೆಯೆಂದರೆ ಅದಕ್ಕೆ ಅವನೇ ಕಾರಣ.

ರೈಲಿನ ಹೆಸರಿಟ್ಟು ಕೆರೆಯ ಕಥೆ ಹೇಳುತ್ತಿರುವನಲ್ಲ ಈ ಮೇಷ್ಟ್ರು ಎಂದು ನೀವು ನಗಬಹುದು. ಸ್ವಲ್ಪ ತಾಳಿರಿ. ಕಳೆದ ವರ್ಷ ಎಂಟನೆಯ ತರಗತಿಯಲ್ಲಿ ‘ನಮ್ಮ ನಗರದ ವಾಹನಗಳು’ ಎಂಬ ವಿಷಯದ ಮೇಲೆ ಪ್ರಬಂಧ ಬರೆಯಿಸುತ್ತಿದ್ದಾಗ ಒಬ್ಬ ಹುಡುಗಿ ಎದ್ದು ನಿಂತು, “ಸರ್, ಏರ್‌ಪೋರ್ಟ್ ಎಕ್ಸ್‌ಪ್ರೆಸ್ ರೈಲು ವಿಮಾನದಲ್ಲಿ ಹೋಗುವವರಿಗೆ ಮಾತ್ರವೇ? ನಾವು ಹತ್ತಬಹುದೇ?” ಎಂದು ಕೇಳಿದಳು. ಹತ್ತಬಹುದೆಂದು ಒಂದೇ ಮಾತಿನಲ್ಲಿ ಉತ್ತರ ಹೇಳಿದೆನಾದರೂ, ಆ ಉತ್ತರಕ್ಕೆ ದೊಡ್ಡದೊಂದು ಚರಿತ್ರೆಯಿದೆಯೆಂದು ಆಮೇಲೆ ತೋರಿತು. ಆ ಚರಿತ್ರೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ದೆಹಲಿಯ ಮೊದಲನೆಯ ವಿಮಾನ ನಿಲ್ದಾಣವು ಊರಿಗೆ ದೂರವಾಗಿರಲಿಲ್ಲ. ಹೌಜ್ ಖಾಸ್‌ನಿಂದ ಹಳದಿ ಮಾರ್ಗದಲ್ಲಿ ಉತ್ತರಕ್ಕೆ ಹೊರಟರೆ ಗ್ರೀನ್ ಪಾರ್ಕ್, ಏಮ್ಸ್ ದಾಟಿದ ಮೇಲೆ ಐ.ಎನ್.ಎ. ಬರುವುದಷ್ಟೆ. ಅದರ ಮಗ್ಗುಲಿಗೇ ಇರುವ ಸಫ್ದರ್‌ಜಂಗ್ ಬಯಲು ಬ್ರಿಟಿಷರ ಕಾಲದಲ್ಲಿ ವಿಲಿಂಗ್ಡನ್ ವಿಮಾನ ನಿಲ್ದಾಣವೆನಿಸಿಕೊಂಡಿತ್ತು. ವಿಮಾನಗಳು ದೊಡ್ಡವಾದಂತೆ ಆ ಬಯಲು ಸಾಲದಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕಾಗಿ ಸಿದ್ಧಪಡಿಸಿದ್ದ ಪಾಲಂ ನಿಲ್ದಾಣಕ್ಕೆ 1962ರಲ್ಲಿ ಪ್ರಯಾಣಿಕರ ವಿಮಾನಗಳು ವರ್ಗವಾದುವು. 1986ರಲ್ಲಿ ಅದಕ್ಕೆ ಇಂದಿರಾ ಗಾಂಧಿಯವರ ಹೆಸರಾಯಿತು. 2010ರ ಜುಲೈ ತಿಂಗಳಲ್ಲಿ ಅಲ್ಲಿ ಮೂರನೆಯ ಟರ್ಮಿನಲ್ ಎಂಬ ವಿಶಾಲವಾದ ಭವನವು ತೆರೆಯಿತು. ಹೀಗೆ ವಿಮಾನ ನಿಲ್ದಾಣವು ಹಿಗ್ಗುತ್ತ ಊರಿನಿಂದ ದೂರ ಸರಿಯಿತು. ಕಾರಿದ್ದವರಿಗೆ ಈ ದೂರ ಅಷ್ಟಾಗಿ ಕಾಣಲಿಲ್ಲ. ಕಾರಿಲ್ಲದವರಿಗೆ ಅದು ಬೇರೆ ಊರೇ ಆಯಿತು.

ಹೊರ ದೇಶಗಳಲ್ಲಿ ಈ ತೊಡಕನ್ನು ಮೊದಲೇ ಕಂಡಿದ್ದರು. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದವರು 1968ರಲ್ಲಿಯೇ ತಮ್ಮ ನಗರ ರೈಲನ್ನು ವಿಮಾನ ನಿಲ್ದಾಣದವರೆಗೆ ಎಳೆದೊಯ್ದರು. ಲಂಡನ್ನಿನ ಭೂಗತ ರೈಲು 1977ರಲ್ಲಿ ಹೀಥ್ರೋವನ್ನು ಮುಟ್ಟಿತು. ನಮ್ಮ ದೇಶದಲ್ಲಿ ಅಂಥ ಮೆಟ್ರೋ ಮಾರ್ಗ ಮೊದಲಾದುದು ದೆಹಲಿಯಲ್ಲಿ. 1995ರಲ್ಲಿ ಸ್ಥಾಪಿತವಾದ ದೆಹಲಿ ಮೆಟ್ರೋ ರೈಲು ನಿಗಮವು 2002ರ ಡಿಸೆಂಬರಿನಲ್ಲಿ ಶಾಹ್‌ದರಾದಿಂದ ತೀಸ್ ಹಜಾರಿಯವರೆಗೆ ಮೊದಲ ರೈಲನ್ನು ಓಡಿಸಿತ್ತು. ಇ. ಶ್ರೀಧರನ್ ಅವರ ಮುಂದಾಳುತನದಲ್ಲಿ ಅದು ಹೇಳಿದ ದಿನಕ್ಕೆ ಹೇಳಿದ ಕೆಲಸವನ್ನು ಮುಗಿಸುವ ಸಂಸ್ಥೆಯೆಂದು ಹೆಸರು ಪಡೆದಿತ್ತು.

ವಿಮಾನ ನಿಲ್ದಾಣದ ಮಾರ್ಗಕ್ಕೆ ಮಾತ್ರ ಬೇರೆಯ ಏರ್ಪಾಡನ್ನು ಮಾಡಿದರು. ಸುರಂಗ, ಕಂಬ, ಮೇಲ್ಸೇತುವೆಗಳನ್ನು ನಿಗಮವು ಕಟ್ಟುವುದು. ಹಳಿ, ವಿದ್ಯುತ್ತು, ಸಂಕೇತ, ಗಾಡಿಗಳನ್ನು ಒದಗಿಸಿ ಮೂವತ್ತು ವರ್ಷಗಳ ಕಾಲ ನಡೆಸುವ ಭಾರವನ್ನು ಖಾಸಗಿ ಕಂಪೆನಿಯು ಹೊರುವುದು. 2008ರಲ್ಲಿ ಈ ಒಪ್ಪಂದವು ರಿಲಯನ್ಸ್ ಇನ್‌ಫ್ರಾಸ್ಟ್ರಕ್ಚರ್ ಸಂಸ್ಥೆಯ ಮುಂದಾಳುತನದ ಕಂಪೆನಿಯೊಂದಿಗೆ ಆಯಿತು. ಗಾಡಿಗಳನ್ನು ಮಾಡಿದವರು ಸ್ಪೇನ್ ದೇಶದವರು. 2010ರ ಅಕ್ಟೋಬರಿನಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡೆಗಳ ಹೊತ್ತಿಗೆ ರೈಲು ಓಡಬೇಕೆಂಬುದು ಎಲ್ಲರ ಬಯಕೆಯಾಗಿತ್ತು; ಅದು ಕೈಗೂಡಲಿಲ್ಲ. ಕಡೆಗೆ 2011ರ ಫೆಬ್ರವರಿ 23ರಂದು ಹೊಸದೆಹಲಿ ರೈಲು ನಿಲ್ದಾಣದಿಂದ ದ್ವಾರಕಾದ ಇಪ್ಪತ್ತೊಂದನೆಯ ಸೆಕ್ಟರಿನವರೆಗೆ ಸುಮಾರು 22.7 ಕಿಲೋಮೀಟರಿನ ಈ ಮಾರ್ಗವು ತೆರೆಯಿತು. ನಡುವಣ ಧೌಲಾ ಕುವಾ, ಏರೋಸಿಟಿ ನಿಲ್ದಾಣಗಳು ಅದೇ ವರ್ಷದ ಆಗಸ್ಟಿನಲ್ಲಿ ಸೇರಿಕೊಂಡುವು.

ಆ ರೈಲಿನ ಅಚ್ಚುಕಟ್ಟನ್ನು ಹೇಳಲೇಬೇಕು. ಬೇರೆ ಮಾರ್ಗಗಳಲ್ಲಿ ಗೋಡೆಗೆ ಬೆನ್ನು ಕೊಟ್ಟು ಕುಳಿತುಕೊಳ್ಳುವ ಉದ್ದನೆಯ ಪೀಠಗಳಿದ್ದರೆ, ಇಲ್ಲಿ ವಿಮಾನದಲ್ಲಿರುವಂತೆ ಸಾಲಾಗಿ ಜೋಡಿಸಿದ ಆಸನಗಳು. ಪೆಟ್ಟಿಗೆ ಇಡಲು ಬೇರೆಯ ಜಾಗ. ಹೊಸದೆಹಲಿ ನಿಲ್ದಾಣದಲ್ಲಿಯೇ ಪೆಟ್ಟಿಗೆಯನ್ನು ವಿಮಾನದವರಿಗೆ ಒಪ್ಪಿಸಿ ಕೈಬೀಸಿಕೊಂಡು ಹೋಗುವ ಸೌಕರ್ಯವನ್ನೂ ಕಲ್ಪಿಸಿದ್ದರು. ಹೊಸದೆಹಲಿಯಿಂದ ಮೂರನೆಯ ಟರ್ಮಿನಲ್‌ಗೆ ಇಪ್ಪತ್ತು ನಿಮಿಷ ಸಾಕಾಗುತ್ತಿತ್ತು. ಆದರೆ ದರವು ಹೆಚ್ಚಾಗಿದ್ದುದರಿಂದ ಗಾಡಿಗಳು ಬಹುಮಟ್ಟಿಗೆ ಬರಿದಾಗಿಯೇ ಓಡಾಡಿದುವು.

ಒಂದೂವರೆ ವರ್ಷ ತುಂಬುವ ಮೊದಲೇ ಇನ್ನೊಂದು ವಿಪತ್ತು ಬಂದಿತು. ಮೇಲ್ಸೇತುವೆಯಲ್ಲಿ ಕಂಬಕ್ಕೂ ಅದರ ಮೇಲೆ ಕೂರುವ ಗರ್ಡರಿಗೂ ನಡುವೆ ಬೇರಿಂಗ್ ಎಂಬ ಮೆತ್ತೆಯಂಥ ಭಾಗವಿರುತ್ತದೆ. ಎತ್ತಿನ ಹೆಗಲಿಗೂ ನೊಗಕ್ಕೂ ನಡುವೆ ಬಟ್ಟೆಯನ್ನು ಸುತ್ತುವುದಿಲ್ಲವೇ, ಹಾಗೆಂದು ತಿಳಿಯಿರಿ. ರೈಲು ಹಾಯುವಾಗ ಆಗುವ ಅದುರನ್ನೂ, ಬಿಸಿಲಿಗೆ ಗರ್ಡರು ಹಿಗ್ಗುವುದನ್ನೂ ಅದೇ ತಾಳಿಕೊಳ್ಳಬೇಕು. ಅಲ್ಲಿ ದೋಷಗಳು ಕಂಡುವು. 2012ರ ಜುಲೈ 8ರಂದು ರೈಲುಗಳು ನಿಂತುಹೋದುವು. ಕಟ್ಟಡದ ದೋಷವೆಂದು ಕಂಪೆನಿಯವರೂ, ನಡೆಸಲಾರದವರ ನೆಪವೆಂದು ಇನ್ನು ಕೆಲವರೂ ವಾದಿಸಿದರು. ಪತ್ರಿಕೆಗಳಲ್ಲಿ ದಿನವೂ ಇದೇ ಸುದ್ದಿ. ವಾದವು ಮೇಲೆ ನಡೆಯುತ್ತಿರಲು ಕೆಳಗೆ ಕೆಲಸಗಾರರು ಕಂಬ ಕಂಬಕ್ಕೂ ಹತ್ತಿ ಗರ್ಡರುಗಳನ್ನು ಎತ್ತಿ ಸರಿಪಡಿಸಿದರು. 2013ರ ಜನವರಿ 22ರಂದು ರೈಲು ಮತ್ತೆ ಓಡಿತು; ಆದರೆ ಮೊದಲಿನ ಓಟವಲ್ಲ, ಕಾಯಿಲೆಯಿಂದೆದ್ದವನು ಅಂಗಳದಲ್ಲಿ ಹೆಜ್ಜೆಯಿಡುವಂತೆ ನಿಧಾನದ ನಡೆ.

ಅದೇ ವರ್ಷದ ಜೂನ್ ಕೊನೆಗೆ ಕಂಪೆನಿಯು ಕೈಬಿಟ್ಟಿತು. ಜುಲೈ 1ರಿಂದ ನಿಗಮವೇ ಮಾರ್ಗವನ್ನು ವಹಿಸಿಕೊಂಡಿತು. ಹಣದ ವ್ಯಾಜ್ಯವು ನ್ಯಾಯಸ್ಥಾನಗಳಲ್ಲಿ ಬಹುಕಾಲ ನಡೆಯಿತು. 2017ರಲ್ಲಿ ಪಂಚಾಯಿತರು ಕಂಪೆನಿಗೆ ಬಡ್ಡಿಯ ಹೊರತಾಗಿ ಸುಮಾರು 2,782 ಕೋಟಿ ರೂಪಾಯಿ ಸಲ್ಲಬೇಕೆಂದರು. 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. 2024ರ ಏಪ್ರಿಲ್ 10ರಂದು ಅದೇ ನ್ಯಾಯಾಲಯವು ತನ್ನ ಹಿಂದಿನ ತೀರ್ಪನ್ನು ತಿದ್ದಿ ಆ ನಿರ್ಣಯವನ್ನು ರದ್ದುಗೊಳಿಸಿತು. ಇಂಥ ತಿದ್ದುಪಡಿ ಬಲು ಅಪರೂಪವೆಂದು ಕಾನೂನು ಬಲ್ಲವರು ಹೇಳುತ್ತಾರೆ. ದೊಡ್ಡವರ ಲೆಕ್ಕ ಅಷ್ಟಕ್ಕಿರಲಿ. ನಮ್ಮಂಥವರ ಪಾಲಿಗೆ ಮುಖ್ಯವಾದುದು, ಈ ವ್ಯಾಜ್ಯ ನಡೆದಷ್ಟು ಕಾಲವೂ ರೈಲು ನಿಲ್ಲಲಿಲ್ಲವೆಂಬುದು. ದಾಯಾದಿಗಳು ಕಟ್ಟೆಯ ಮೇಲೆ ಜಗಳವಾಡುತ್ತಿದ್ದರೂ ಗದ್ದೆಗೆ ನೀರು ಹರಿಯುತ್ತಲೇ ಇದ್ದಿತು.

ಇನ್ನೊಂದು ಸಂಗತಿ ನಡೆಯಿತು. ಅದಕ್ಕೆ ವಾದ್ಯಗಳಿಲ್ಲ, ಹೂಮಾಲೆಗಳಿಲ್ಲ. ನಿಗಮವು ದರವನ್ನಿಳಿಸಿತು. ಹೊಸದೆಹಲಿಯಿಂದ ವಿಮಾನ ನಿಲ್ದಾಣಕ್ಕೆ 180 ರೂಪಾಯಿಯವರೆಗೆ ಏರಿದ್ದ ದರ 2014ರಲ್ಲಿ 100ಕ್ಕೂ, 2015ರಲ್ಲಿ 60ಕ್ಕೂ ಇಳಿಯಿತು. ಬರಿದಾಗಿದ್ದ ಗಾಡಿಗಳಲ್ಲಿ ಜನ ಕಂಡರು. ವಿಮಾನದವರಷ್ಟೇ ಅಲ್ಲ, ವಿಮಾನ ನಿಲ್ದಾಣದಲ್ಲಿ ನೆಲ ಒರೆಸುವವರು, ಪೆಟ್ಟಿಗೆ ಹೊರುವವರು, ಅಡುಗೆಯವರು, ಕಾವಲಿನವರು, ದ್ವಾರಕಾದಿಂದ ನಗರಕ್ಕೆ ಬರುವ ಗುಮಾಸ್ತರು, ಕಾಲೇಜಿನ ಹುಡುಗರು. ರೈಲು ಉದ್ಘಾಟನೆಯಾದುದು 2011ರಲ್ಲಿ. ನನ್ನ ಲೆಕ್ಕದಲ್ಲಿ ಅದರ ಬಾಗಿಲು ತೆರೆದುದು ಆ ದರ ಇಳಿದ ದಿನ.

ಹಾಗೆನ್ನಲು ನನಗೆ ಸ್ವಂತದ ಕಾರಣವೂ ಉಂಟು. 2016ರ ಒಂದು ಸೋಮವಾರ ಸಂಜೆ, ಶಾಲೆ ಬಿಟ್ಟು ಹೌಜ್ ಖಾಸ್ ಸಮೀಪದ ನನ್ನ ಬಾಡಿಗೆಯ ಕೋಣೆಗೆ ಬಂದು ಬಾಗಿಲು ತೆಗೆಯುತ್ತಿದ್ದಂತೆ ಚಿಕ್ಕಪ್ಪನವರಿಂದ ದೂರವಾಣಿ ಬಂದಿತು. ತಂದೆಯವರನ್ನು ತುಮಕೂರಿನ ಆಸ್ಪತ್ರೆಗೆ ಸೇರಿಸಿದ್ದಾರೆ, ಬರುವುದಾದರೆ ತಡಮಾಡಬೇಡ ಎಂದರು. ನಾನು ಊರಿಗೆ ಹೋಗುತ್ತಿದ್ದುದು ಯಾವಾಗಲೂ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ. ಅದೇ ರಾತ್ರಿ ಹತ್ತಿದರೂ ಬೆಂಗಳೂರನ್ನು ಕಾಣುವುದು ಬುಧವಾರ ಮಧ್ಯಾಹ್ನ. ಸಹೋದ್ಯೋಗಿಗಳು ಹಣ ಕೂಡಿಸಿ ವಿಮಾನದ ಟಿಕೆಟ್ಟನ್ನು ಕೊಂಡುಕೊಟ್ಟರು. ಅಲ್ಲಿಯವರೆಗೆ ನಾನು ವಿಮಾನ ಹತ್ತಿದವನಲ್ಲ. ಜೇಬಿನಲ್ಲಿ ಉಳಿದುದು ನಾನೂರ ಇಪ್ಪತ್ತು ರೂಪಾಯಿ. ಬೆಂಗಳೂರಿನ ವಿಮಾನ ನಿಲ್ದಾಣದಿಂದ ಬಸ್ಸಿಗೆ, ಅಲ್ಲಿಂದ ತುಮಕೂರಿನ ಬಸ್ಸಿಗೆ ತೆಗೆದಿರಿಸಬೇಕು. ಬೀದಿಯಲ್ಲಿ ನಿಂತಿದ್ದ ಟ್ಯಾಕ್ಸಿಯವನು ಕೇಳಿದ ಹಣ ನನ್ನಲ್ಲಿದ್ದುದಕ್ಕಿಂತ ಹೆಚ್ಚು.

ಹೌಜ್ ಖಾಸ್‌ನಲ್ಲಿ ಹಳದಿ ಮಾರ್ಗದ ರೈಲು ಹತ್ತಿ ಹೊಸದೆಹಲಿಗೆ ಹೋದೆನು. ಅಲ್ಲಿ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಹಿಡಿದು ಏರೋಸಿಟಿಯಲ್ಲಿ ಇಳಿದೆನು. ಅಲ್ಲಿಂದ ಬಸ್ಸಿನಲ್ಲಿ ಒಂದನೆಯ ಟರ್ಮಿನಲ್. ನಕ್ಷೆಯಲ್ಲಿ ನೋಡಿದರೆ ಮೂಗನ್ನು ಹಿಡಿಯಲು ಕೈಯನ್ನು ತಲೆಯ ಹಿಂದಿನಿಂದ ತಂದಂಥ ದಾರಿ: ದಕ್ಷಿಣದಲ್ಲಿದ್ದವನು ಉತ್ತರಕ್ಕೆ ಹೋಗಿ ಮತ್ತೆ ನೈಋತ್ಯಕ್ಕೆ ಇಳಿಯುವುದು. ಆದರೂ ಎರಡು ರೈಲುಗಳಿಗೂ ಸೇರಿ 80 ರೂಪಾಯಿಯೊಳಗೇ ಮುಗಿಯಿತು. ಸಾಲಾಗಿ ಜೋಡಿಸಿದ ಆಸನವೊಂದರಲ್ಲಿ ಕುಳಿತಿದ್ದ ನನ್ನ ಪಕ್ಕದಲ್ಲಿ ರಾತ್ರಿಯ ಪಾಳಿಗೆ ಹೋಗುತ್ತಿದ್ದ ಕಾವಲಿನವನೊಬ್ಬ ನಿದ್ದೆ ಮಾಡುತ್ತಿದ್ದನು. ಮಂಗಳವಾರ ಬೆಳಕು ಹರಿಯುವ ಮೊದಲು ನಾನು ಆಸ್ಪತ್ರೆಯಲ್ಲಿದ್ದೆನು.

ತಂದೆಯವರಿಗೆ ಎಚ್ಚರವಿತ್ತು. “ರೈಲಲ್ಲಿ ಬಂದ್ಯೇನಪ್ಪಾ?” ಎಂದರು. ವಿಮಾನದಲ್ಲಿ ಬಂದೆನೆಂದೆ. “ದುಡ್ಡು ಯಾರು ಕೊಟ್ರು?” ಎಂದು ಕೇಳಿದರು. ಹೇಳಿದೆನು. ಅವರ ಮನಸ್ಸಿನ ಭಾರವನ್ನು ಇಳಿಸಬೇಕೆಂದು ದೆಹಲಿಯ ನೆಲದಡಿಯ ರೈಲು, ಆಕಾಶದಲ್ಲಿ ಕಂಬಗಳ ಮೇಲೆ ಹೋಗುವ ರೈಲು, ಬೇರಿಂಗ್ ಕೆಟ್ಟು ಆರು ತಿಂಗಳು ನಿಂತು ಮತ್ತೆ ಓಡಿದ ಕಥೆ, ಎಲ್ಲವನ್ನೂ ಹೇಳುತ್ತ ಹೋದೆನು. ಕಣ್ಣು ಮುಚ್ಚಿ ಕೇಳುತ್ತಿದ್ದವರು ನಡುವೆ ತಡೆದು, “ಈಗ ಅದನ್ನ ಕಾಯೋರು ಯಾರು? ರಾತ್ರಿ ಹೊತ್ತು ನೋಡ್ತಾರಾ?” ಎಂದರು. ಪ್ರತಿ ರಾತ್ರಿಯೂ ಕೊನೆಯ ರೈಲು ಹೋದ ಮೇಲೆ ದೀಪ ಹಿಡಿದ ಕೆಲಸಗಾರರು ಹಳಿಯ ಮೇಲೆ ನಡೆದು ನೋಡುತ್ತಾರೆಂದು ಹೇಳಿದೆನು. “ಹಾಗಾದ್ರೆ ಸರಿ” ಎಂದು ತಲೆಯಾಡಿಸಿದರು.

ಬುಧವಾರ ಬೆಳಗ್ಗೆ ಅವರ ಮಾತು ನಿಂತಿತು. ಗುರುವಾರ ಅವರು ತೀರಿಕೊಂಡರು. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಬಂದಿದ್ದರೆ ಅವರ ಮುಖವನ್ನು ಕಾಣುತ್ತಿದ್ದೆನು, ದನಿಯನ್ನು ಕೇಳುತ್ತಿರಲಿಲ್ಲ. ಮಂಗಳವಾರದ ಆ ಒಂದು ದಿನವನ್ನು ನನಗೆ ಕೊಟ್ಟವರು ಸಹೋದ್ಯೋಗಿಗಳೆಂಬುದು ನಿಜ. ಆದರೆ ನಾನೂರ ಇಪ್ಪತ್ತು ರೂಪಾಯಿಯವನನ್ನು ವಿಮಾನದ ಬಾಗಿಲಿಗೆ ಮುಟ್ಟಿಸಿದುದು ಆ ರೈಲು.

ಎರಡು ವರ್ಷಗಳ ಮೇಲೆ ಆ ಸುತ್ತುದಾರಿಯೂ ತಪ್ಪಿತು. ನಮ್ಮ ಹೌಜ್ ಖಾಸ್‌ನಲ್ಲಿ 2010ರ ಸೆಪ್ಟೆಂಬರಿನಿಂದ ಹಳದಿ ಮಾರ್ಗದ ನಿಲ್ದಾಣವಿತ್ತಷ್ಟೆ. ಅದರ ಕೆಳಗೆ, ಮೇಲೆ ರೈಲುಗಳು ಓಡುತ್ತಿರುವಾಗಲೇ, ಇನ್ನೊಂದು ನಿಲ್ದಾಣವನ್ನು ಕೊರೆದರು. ನೆಲದಿಂದ ಸುಮಾರು 29 ಮೀಟರು ಆಳ. ಊರಿನ ದೊಡ್ಡ ಬಾವಿಗಳನ್ನು ಬಲ್ಲವರೂ ಇಷ್ಟು ಆಳವನ್ನು ನೆನೆದು ಬೆರಗಾಗಬೇಕು. ಒಂದು ಚಲಿಸುವ ಮೆಟ್ಟಿಲನ್ನು ಇಳಿದು, ಇನ್ನೊಂದನ್ನು ಇಳಿದು, ಮುಗಿಯಿತೆನ್ನುವಾಗ ಮತ್ತೊಂದು ಎದುರಾಗುತ್ತದೆ. 2018ರ ಮೇ ಕೊನೆಯಲ್ಲಿ ಕಾಲ್ಕಾಜಿಯಿಂದ ಜನಕಪುರಿಯವರೆಗೆ ಮೆಜೆಂಟಾ ಮಾರ್ಗವು ತೆರೆದಾಗ ಆ ನಿಲ್ದಾಣಕ್ಕೂ ಜೀವ ಬಂದಿತು. ಅಲ್ಲಿ ಹತ್ತಿದರೆ ಐ.ಐ.ಟಿ., ಆರ್.ಕೆ. ಪುರಂ, ಮುನಿರ್ಕಾ, ವಸಂತ ವಿಹಾರ, ಶಂಕರ ವಿಹಾರ. ಆರನೆಯದೇ ಒಂದನೆಯ ಟರ್ಮಿನಲ್. ಇದಕ್ಕೆ ಎಕ್ಸ್‌ಪ್ರೆಸ್ ಎಂಬ ಬಿರುದಿಲ್ಲ, ಬೇರೆಯ ದರಪಟ್ಟಿಯಿಲ್ಲ, ಸಾಲಾಸನಗಳಿಲ್ಲ. ವಿಮಾನಕ್ಕೆ ಹೋಗುವವನೂ ಮುನಿರ್ಕಾದ ಸಂತೆಗೆ ಹೋಗುವವನೂ ಒಂದೇ ಪೀಠದ ಮೇಲೆ ಭುಜ ತಾಗಿಸಿ ಕುಳಿತುಕೊಳ್ಳುತ್ತಾರೆ. 2020ರ ಡಿಸೆಂಬರ್ 28ರಿಂದ ಈ ಮಾರ್ಗದಲ್ಲಿ ಚಾಲಕನಿಲ್ಲದೆ ಓಡಬಲ್ಲ ರೈಲುಗಳು ಬಂದುವು. ನಮ್ಮ ದೇಶದಲ್ಲಿ ಅದು ಮೊದಲನೆಯದು. ಚಾಲಕನಿಲ್ಲದಿದ್ದರೂ ಕಾಯುವವರು ಇಲ್ಲದಿಲ್ಲ. ನಾವು ಮಲಗಿರುವಾಗ ಅವರು ಎದ್ದಿರುತ್ತಾರೆ.

ಕನ್ನಡದ ಮಕ್ಕಳಿಗೆ ಹೇಳಲೇಬೇಕಾದ ಇನ್ನೊಂದು ಮಾತುಂಟು. 2018ರ ಆಗಸ್ಟಿನಲ್ಲಿ ಗುಲಾಬಿ ಮಾರ್ಗದ ಒಂದು ಭಾಗ ತೆರೆದಾಗ, ಮೋತಿ ಬಾಗ್‌ನ ನಿಲ್ದಾಣಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನಿಟ್ಟರು. ನಮ್ಮ ದೆಹಲಿ ಕರ್ನಾಟಕ ಸಂಘವಿರುವ ಸೀಮೆಯೇ ಅದು. ಅಲ್ಲಿಂದ ಮುಂದಿನ ನಿಲ್ದಾಣವಾದ ದುರ್ಗಾಬಾಯಿ ದೇಶಮುಖ್ ದಕ್ಷಿಣ ಕ್ಯಾಂಪಸ್ಸಿನಲ್ಲಿ ಇಳಿದರೆ, 2019ರಲ್ಲಿ ತೆರೆದ ಒಂದು ಕಿಲೋಮೀಟರಿಗೂ ಮೀರಿದ ನಡೆಮೇಲ್ಸೇತುವೆಯು ಕಾಲಿನ ಕೆಳಗೆ ತಾನೇ ಜರುಗುವ ಪಟ್ಟಿಗಳ ಮೇಲೆ ನಿಮ್ಮನ್ನು ಧೌಲಾ ಕುವಾಕ್ಕೆ, ಅಂದರೆ ಏರ್‌ಪೋರ್ಟ್ ಎಕ್ಸ್‌ಪ್ರೆಸ್ಸಿನ ಬಾಗಿಲಿಗೆ ಒಯ್ಯುತ್ತದೆ. ಸಂಘದ ನಾಟಕ ನೋಡಿಕೊಂಡು ರಾತ್ರಿಯ ವಿಮಾನಕ್ಕೆ ಊರಿಗೆ ಹೊರಡುವವರು ವಿಶ್ವೇಶ್ವರಯ್ಯನವರ ಹೆಸರಿನ ನಿಲ್ದಾಣದಿಂದಲೇ ಹೊರಡಬಹುದೆಂಬುದು ನನಗಂತೂ ಸಂತೋಷದ ಸಂಗತಿ.

ಕಾಯಿಲೆಯಿಂದೆದ್ದ ಆ ಮೊದಲ ಮಾರ್ಗವೂ ಮೆಲ್ಲಮೆಲ್ಲನೆ ಬಲಗೊಂಡಿತು. 2023ರ ಮಾರ್ಚಿಯಲ್ಲಿ ಅದರ ವೇಗ ಗಂಟೆಗೆ 100 ಕಿಲೋಮೀಟರಿಗೂ, ಜೂನಿನಲ್ಲಿ 110ಕ್ಕೂ, ಸೆಪ್ಟೆಂಬರ್ 17ರಂದು 120ಕ್ಕೂ ಏರಿತು. ಅದೇ ದಿನ ಮಾರ್ಗವು ದ್ವಾರಕಾದ ಇಪ್ಪತ್ತೈದನೆಯ ಸೆಕ್ಟರಿನ ಯಶೋಭೂಮಿಯವರೆಗೆ ಬೆಳೆಯಿತು. ಹತ್ತು ವರ್ಷಗಳ ಹಿಂದೆ ಮುಗಿದೇಹೋಯಿತೆಂದು ಎಲ್ಲರೂ ಕೈ ತೊಳೆದುಕೊಂಡಿದ್ದ ಹಾದಿ ಇದು. ಯಾರೋ ಕೆಲವರು ದಿನಕ್ಕಷ್ಟು ನೋಡಿ, ತಿದ್ದಿ, ಬಿಗಿದು, ಅಳೆದು ಅದನ್ನು ಈ ಸ್ಥಿತಿಗೆ ತಂದರು.

ನಮ್ಮ ನಾಡಿನ ಸುದ್ದಿಯನ್ನೂ ಹೇಳಿ ಮುಗಿಸುತ್ತೇನೆ. ಬೆಂಗಳೂರಿನ ವಿಮಾನ ನಿಲ್ದಾಣವು 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಕಡೆಗೆ ಹೋಯಿತು. 2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೋ ಓಡತೊಡಗಿತಾದರೂ ವಿಮಾನ ನಿಲ್ದಾಣಕ್ಕೆ ಹೋಗುವವರಿಗೆ ಬಸ್ಸೇ ಗತಿಯಾಯಿತು. 2021ರ ಜನವರಿಯಲ್ಲಿ ನಿಲ್ದಾಣದ ಸಮೀಪದಲ್ಲಿ ರೈಲ್ವೆಯವರು ಒಂದು ಚಿಕ್ಕ ತಂಗುದಾಣವನ್ನು ತೆರೆದರು. ಅದೇ ವರ್ಷ ಕೇಂದ್ರ ಸರ್ಕಾರದ ಒಪ್ಪಿಗೆ ಪಡೆದ ಮೆಟ್ರೋ ಮಾರ್ಗವು ಕೆ.ಆರ್. ಪುರದಿಂದ ಹೆಬ್ಬಾಳದ ಮೇಲೆ ವಿಮಾನ ನಿಲ್ದಾಣಕ್ಕೆ ಹೋಗಬೇಕಾದುದು. ನಿಮ್ಮಲ್ಲಿ ಅನೇಕರು ಬೇಸಿಗೆಯ ರಜೆಗೆ ಅಜ್ಜಿಯ ಮನೆಗೆ ಹೋಗುವಾಗ ಒಂದಲ್ಲ ಒಂದು ದಿನ ಆ ರೈಲನ್ನು ಹತ್ತುವಿರಿ. ಹತ್ತಿದಾಗ ಗಾಡಿಯ ಹೊಳಪನ್ನೂ ನಿಲ್ದಾಣದ ಚೆಲುವನ್ನೂ ಧಾರಾಳವಾಗಿ ಮೆಚ್ಚಿರಿ. ಆದರೆ ಮೊದಲು ದರದ ಫಲಕವನ್ನು ಓದಿರಿ. ಆಮೇಲೆ ಪಕ್ಕದ ಆಸನದಲ್ಲಿ ಕುಳಿತಿರುವವರು ಯಾರೆಂದು ನೋಡಿರಿ. ರಾತ್ರಿ ಪಾಳಿಯ ಕಾವಲಿನವನೋ, ನೆಲ ಒರೆಸುವ ತಾಯಿಯೋ ಅಲ್ಲಿ ಕುಳಿತಿದ್ದರೆ, ಅದು ನಮ್ಮೆಲ್ಲರ ರೈಲೆಂದು ತಿಳಿಯಿರಿ.